ಬರೀ ಸುಣ್ಣ

ಒಂಬತ್ತಕ್ಕೆ ಷಟರು ಅರ್ಧ ಇಳಿಸಿ,
ಕೊನೆಯ ಹಲ್ಲಿನ ಹತ್ತಿಯುಂಡೆ ಕೆಂಪು ಬುಟ್ಟಿಗೆ ಹಾಕಿ
ಕೈ ತೊಳೆದು ಬಂದರೆ
ನಸ್ರೀನ್ ಡಾಕ್ಟರು ಗಾಜಿನ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು
'ಸೊಣ್ಣಪ್ಪ, ಇಲ್ಲಿ ನೋಡು, ಮತ್ತೆ ಎರಡು.'

ಚಿಂತಾಮಣಿಯಲ್ಲಿ ಹೊಳೆಯಿಲ್ಲ.
ಸಾವಿರದಿನ್ನೂರಡಿ ಕೆಳಗಿಂದ ಬರುವ ನೀರಿಗೆ
ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಎಳೆಯುವ ಚಾಳಿ.
ಅದೇ ನಮ್ಮ ಹೊಟ್ಟೆಪಾಡು. ಹಾಗನ್ನಬಾರದು, ಆದರೂ.
ಐದು ರೂಪಾಯಿ ನಾಣ್ಯಕ್ಕೆ ಒಂದು ಕ್ಯಾನು ಶುದ್ಧ ನೀರು,
ಅದಕ್ಕೆ ಮೂಟೆಯ ಉಪ್ಪು ತೂಗಿ, ಕದಡಿ
ಪ್ರತಿ ಭಾನುವಾರ ಕಡಲು ಮಾಡುವವನು ನಾನೇ.
ಕಡಲು ಕಂಡವನಲ್ಲ.
ಹದ ನೋಡಲು ಬೆರಳದ್ದಿ ನೆಕ್ಕಿ
ಬೈಸಿಕೊಂಡಿದ್ದೇನೆ.

ಚೆನ್ನೈನಿಂದ ಬಸ್ಸಿನಲ್ಲಿ, ಥರ್ಮೋಕೋಲ್ ಡಬ್ಬಿಯಲ್ಲಿ ಬಂತು ಹವಳ:
ಅಂಗಿಗುಂಡಿಯಷ್ಟಗಲದ ನೂರಾರು ಬಾಯಿ,
ಹಸಿರು, ಕಿತ್ತಳೆ,
ಮದುವೆ ಪಂಕ್ತಿಯಂತೆ ಮೊಣಕೈಗೆ ಮೊಣಕೈ ತಾಗಿಸಿ.
ಆ ಪಂಕ್ತಿಯ ನಡುವೆ ಕರೆಯದೆ ಬಂದು ಕೂತಿತ್ತು ಇದು.
ಡಾಕ್ಟರು ಹೇಳುವ ಹೆಸರು ನನ್ನ ನಾಲಿಗೆಗೆ ಹತ್ತದು;
ಗಾಜುಹೂ ಅಂತೀನಿ.
ಗಾಜಿನಂಥ ಕಾಂಡ, ಟೀ ಬಣ್ಣದ ಎಳೆಗಳು.
ಹಲ್ಲು ಕೀಳಿಸಲು ಬಂದ ಹುಡುಗಿಯೊಬ್ಬಳು
ತೊಟ್ಟಿಯಲ್ಲಿ ಇದನ್ನೇ ತೋರಿಸಿ 'ಇದು ಚೆನ್ನಾಗಿದೆ' ಅಂದಿದ್ದಳು.
ಚೆನ್ನಾಗಿಯೇ ಇದೆ.
ಇದು ತಾಗಿದ ಕಡೆ ಹವಳ ಬಾಯಿ ಮುಚ್ಚುತ್ತದೆ.
ಮುಚ್ಚಿದ್ದು ತೆರೆಯುವುದಿಲ್ಲ.

ಮೊದಲು ಚಿಮಟದಲ್ಲಿ ಕಿತ್ತೆ.
ಬೇರಿನ ಚೂರೂ ಬಿಡದೆ ಕೀಳುವವರ ಪಕ್ಕ
ಇಪ್ಪತ್ತಾರು ವರ್ಷ ನಿಂತವನು,
ಕೈ ಪಳಗಿದೆ ಅಂದುಕೊಂಡೆ.
ಕಲ್ಲಿನ ಸಂದಿಗೆ ಸರ್ರನೆ ಸೇದಿಕೊಂಡಿತು.
ಉಗುರಿನ ಕೊಳೆಯಷ್ಟು ಪಾದ ಒಳಗೇ ಉಳಿದು
ಹದಿನೈದು ದಿನಕ್ಕೆ ಆ ಜಾಗದಲ್ಲಿ ಐದು.
ಗುಡ್ಡದ ನೀಲಗಿರಿಯೂ ಹೀಗೇ,
ಕಡಿದ ಕೊಡಲಿಗೆ ಬಡ್ಡಿ ಕಟ್ಟಿದ ಹಾಗೆ ಚಿಗುರುತ್ತದೆ.

ಆಗ ಡಾಕ್ಟರು ಎಲ್ಲೋ ಓದಿ ಬಂದು, ಮೆಲ್ಲಗೆ,
'ನಿನ್ನ ಹತ್ತಿರ ಸುಣ್ಣ ಇದೆಯಾ?'

ಅದೇ ಡಾಕ್ಟರು. ಎರಡು ವರ್ಷದ ಹಿಂದೆ
ನನ್ನ ಕೆನ್ನೆಯೊಳಗಿನ ಬಿಳಿ ಮಚ್ಚೆಗೆ ಟಾರ್ಚು ಹಿಡಿದು,
ಗೋಡೆಯ ಪಟ ತೋರಿಸಿ ಹೆದರಿಸಿ
ಎಲೆಯಡಿಕೆ ಬಿಡಿಸಿದವರು.
ಡ್ರಾಯರಿನ ಮೂಲೆಯಲ್ಲಿತ್ತು ಅಮ್ಮನ ಹಿತ್ತಾಳೆ ಸುಣ್ಣಕಾಯಿ.
ಮೇಲಿನ ಹೆಕ್ಕಳೆ ಕೆರೆದರೆ ಒಳಗಿನ್ನೂ ಬೆಣ್ಣೆ.

ಸಿರಿಂಜಿಗೆ ತುಂಬಿದೆ. ಕೈಗವಸು, ಕನ್ನಡಕ:
ಚಂದದ ಈ ಹವಳಕ್ಕೂ ಮೈಯಲ್ಲಿ ವಿಷವಂತೆ.
ಪಂಪು ಆರಿಸಿದರು. ಕಡಲು ನಿಂತಿತು.

ತಿವಿಯಬಾರದು, ತಿವಿದರೆ ಒಳಗೋಡುತ್ತದೆ.
ಮಗುವಿಗೆ ಚಮಚ ಹಿಡಿದ ಹಾಗೆ
ತುಟಿಯ ಹತ್ತಿರ, ಕಡಲೆಬೇಳೆಯಷ್ಟು, ಇಡಬೇಕು.
ಇಟ್ಟೆ.
ಎಳೆಗಳನ್ನೆಲ್ಲ ಒಂದೊಂದಾಗಿ ಮಡಿಸಿ
ಅನ್ನವೆಂದುಕೊಂಡು ತಬ್ಬಿ
ಒಳಗೆ ತೆಗೆದುಕೊಂಡಿತು.

ಎಲೆಗೆ ಒಂದು ಸವರು ಸುಣ್ಣ ಹೆಚ್ಚಾದರೆ
ಬಾಯಿ ಬೆಂದು ಎರಡು ದಿನ ಸಾರು ಸೇರದು, ನನಗೆ ಗೊತ್ತು.
ಇದಕ್ಕೆ ಬಾಯಿ ಬಿಟ್ಟರೆ ಬೇರೆ ಮೈಯೇ ಇಲ್ಲ.

ಬಿಳಿ ಮೋಡ ಎದ್ದು, ಇಳಿದು,
ಸುತ್ತಲಿನವೆಲ್ಲ ಮುದುಡಿ ಕೂತಿದ್ದು,
ಅರ್ಧ ಗಂಟೆಗೆ ಒಂದು ಹಸಿರು, ಆಮೇಲೆ ಅದರ ಪಕ್ಕದ್ದು
ಅರಳಿತು. ಡಾಕ್ಟರು ಚಪ್ಪಾಳೆ ತಟ್ಟಿದರು.
ನಾನು ತಟ್ಟಲಿಲ್ಲ. ಗವಸು ಒದ್ದೆಯಿತ್ತು.

ಬೆಳಿಗ್ಗೆ ಟೊಮೆಟೊ ಮಂಡಿಯ ಹಮಾಲಿಯೊಬ್ಬ ಬಾಯಿ ತೆರೆದ.
ಸಿರಿಂಜು ಎತ್ತಿ ಕೊಡುತ್ತ, ದಿನದ ಮಾತು,
'ನೋವಾಗಲ್ಲಪ್ಪ' ಅನ್ನಲು ಹೋಗಿ
ಅವನ ಗಲ್ಲ ಮಾತ್ರ ಹಿಡಿದುಕೊಂಡೆ.

ಗುರುವಾರ ಮತ್ತೆ ಮೂರು. ಸುಣ್ಣಕಾಯಿ ಖಾಲಿ.
ಎರಡು ವರ್ಷದ ಮೇಲೆ ಬೈಯಣ್ಣನ ಅಂಗಡಿ ಮುಂದೆ ನಿಂತೆ.
ಅವನು ಏನೂ ಕೇಳದೆ ಒದ್ದೆ ಗೋಣಿ ಸರಿಸಿ
ಎಲೆ ಒರೆಸತೊಡಗಿದ.
'ಎಲೆ ಬೇಡ, ಅಡಿಕೆ ಬೇಡ. ಸುಣ್ಣ ಕೊಡು.'
'ಬರೀ ಸುಣ್ಣ ಯಾರು ತಿಂತಾರೆ ಸೊಣ್ಣಪ್ಪ?'

'ಇದ್ದಾರೆ' ಅಂದೆ.